ಹೆಸರು ಹೊಡೆದ ಕೊಡ

ನಮ್ಮ ದೊಡ್ಡಪ್ಪ ಒಂದು ತಾಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ಕೂತು ಕೂತೇ ನಿವೃತ್ತನಾದ ಮನುಷ್ಯ. ಹುಡುಕುವ ವಿದ್ಯೆಯಲ್ಲಿ ತನ್ನಂಥವನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಆತ ಗಟ್ಟಿಯಾಗಿ ನಂಬಿದ್ದ. ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದ. ಇಂಥ ಊರಿನ ಇಂಥ ಹೊಲದ ಕಡತ ಬೇಕು ಅಂದರೆ ಸಾಕಂತೆ, ಕಣ್ಣು ಮುಚ್ಚಿ ಕೈ ಹಾಕಿದರೂ ಅದೇ ಬರುತ್ತಿತ್ತಂತೆ. ಅದೇ ಮನುಷ್ಯ ಬೆಳಿಗ್ಗೆ ಎದ್ದರೆ ಕನ್ನಡಕ ಎಲ್ಲಿ, ವಿಭೂತಿ ಗಟ್ಟಿ ಎಲ್ಲಿ ಎಂದು ಮನೆಮಂದಿಯನ್ನೆಲ್ಲ ಕುಣಿಸುತ್ತಿದ್ದ. ಎಲ್ಲವನ್ನೂ ಹುಡುಕಿ ಕೈಗೆ ಕೊಡುತ್ತಿದ್ದವಳು ದೊಡ್ಡಮ್ಮ. ಕೊಟ್ಟಮೇಲೆ "ಇಲ್ಲೇ ಇತ್ತಲ್ಲ" ಎನ್ನುತ್ತಿದ್ದ. ನನಗೆ ಆತನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈಗಲೂ ಆ ಅಭಿಪ್ರಾಯ ಬದಲಿಸುವ ಕಾರಣ ಏನೂ ಸಿಕ್ಕಿಲ್ಲ.

ನನ್ನ ತಮ್ಮನ ಮದುವೆ ಕೊಟ್ಟೂರಿನ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹಗರಿಬೊಮ್ಮನಹಳ್ಳಿಯಲ್ಲಿ ಟೀಚರಾಗಿದ್ದೆ, ರಜೆ ಹಾಕಿ ಬಂದಿದ್ದೆ. ನಮ್ಮಪ್ಪ ಮೆತ್ತಗಿನವನು. ಮದುವೆಯ ಯಜಮಾನಿಕೆಯನ್ನೆಲ್ಲ ಅಣ್ಣನ ಕೈಗೆ ಬಿಟ್ಟು ತಾನು ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿದ್ದ. ಹರಪನಹಳ್ಳಿಯಲ್ಲಿ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ, ತರಿಸೋಣ ಎಂದು ಯಾರೋ ಹೇಳಿದರು. ದೊಡ್ಡಪ್ಪ ಮೂಗು ಮುರಿದ. ಓಣಿಯ ಮನೆಗಳಲ್ಲಿ ಪಾತ್ರೆಗಳಿರುವಾಗ ಬಾಡಿಗೆ ಯಾಕೆ, ಎಲ್ಲದರ ಮೇಲೂ ಹೆಸರು ಹೊಡೆಸಿರುತ್ತಾರೆ, ತಿರುಗಿ ಕೊಡುವುದೇನು ಕಷ್ಟ, ನಾನಿಲ್ಲವೇ ಎಂದ.

ನಮ್ಮ ಕಡೆ ಪಾತ್ರೆ ಕೊಂಡರೆ ಅದರ ಕಂಠಕ್ಕೆ ಹೆಸರು ಹೊಡೆಸದೆ ಮನೆಯೊಳಗೆ ತರುವುದಿಲ್ಲ. ಕಲಾಯಿ ಹಾಕುವ ಸಾಬರು ಚಾಣ ಹಿಡಿದು ಟಕಟಕ ಬಡಿದು ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿದ್ದರು. ಗಂಡನ ಮನೆಯಲ್ಲಿ ಕೊಂಡಿದ್ದಕ್ಕೆ ಗಂಡನ ಹೆಸರು. ತವರಿನಿಂದ ಬಂದದ್ದಕ್ಕೆ ಮಗಳ ಹೆಸರು, ಅದರ ಮುಂದೆ ತವರೂರಿನ ಮೊದಲಕ್ಷರ. ಅತ್ತೆಮನೆಯ ಪಾತ್ರೆಗಳಲ್ಲಿ ಬೆರೆತುಹೋಗಬಾರದು ಎಂದು ಹೆತ್ತವರು ಮಾಡುತ್ತಿದ್ದ ಉಪಾಯ ಅದು.

ಹೀಗೆ ಓಣಿಯ ಕೊಳಗ, ಡಬರಿ, ಪರಾತ, ಗಂಗಾಳ, ಚರಿಗಿ, ಕೊಡ ಎಲ್ಲ ಬಂದವು. ತವರಿನವನ್ನು ಯಾರೂ ಎರವಲು ಕೊಡುವುದಿಲ್ಲ, ಬಂದವೆಲ್ಲ ಗಂಡನ ಹೆಸರಿನವು. ಮದುವೆ ಮುಗಿದ ಮಾರನೆಯ ದಿನ ಎಲ್ಲವನ್ನೂ ತೊಳೆದು ಅಂಗಳದಲ್ಲಿ ಗುಡ್ಡೆ ಹಾಕಿದರು. ತಾಮ್ರದ ಕೊಡಗಳು ಬೆಲೆಯವು, ಕಳ್ಳರ ಕಣ್ಣು ಬೀಳುತ್ತದೆ ಎಂದು ದೊಡ್ಡಪ್ಪ ಅವನ್ನು ಮಾತ್ರ ಪಡಸಾಲೆಯ ಪಕ್ಕದ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡ. ನಾವು ಜನಿವಾರದ ಮಂದಿಯಲ್ಲ, ಆದರೆ ಆತನ ಭಂಗಿ ಹಾಗಿತ್ತು.

ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು ಒಂದು ಮಾತು ಹೇಳಿದಳು. ನೀರು ಹೊರುವುದಕ್ಕೆ ಕೊಡ ಸಾಲದೆ ಬಂದಾಗ ಅಟ್ಟದ ಮೇಲಿದ್ದ ತನ್ನ ತಾಮ್ರದ ಕೊಡವನ್ನೂ ಇಳಿಸಿಕೊಟ್ಟಿದ್ದಳಂತೆ. ಅದು ಓಣಿಯವರ ಕೊಡಗಳ ಜೊತೆ ಆ ಕೋಣೆ ಸೇರಿತ್ತು. ತವರಿನಿಂದ ಆಕೆಯೊಂದಿಗೆ ಬಂದು ಉಳಿದಿದ್ದ ವಸ್ತು ಅದೊಂದೇ. ಉಳಿದವೆಲ್ಲ ನಾದಿನಿಯರ ಮದುವೆಗಳಲ್ಲಿ ಒಂದೊಂದಾಗಿ ಉಡುಗೊರೆಯಾಗಿ ಹೋಗಿದ್ದವು. ಕೊಡ ಮಾತ್ರ ತನಗೆ ವಾಪಸು ಬೇಕು, ಬೇರೆಯವರ ಮನೆ ಸೇರಿದರೆ ತಾನು ತಾಳಲಾರೆ ಎಂದಳು. ಏನನ್ನೂ ಬೇಕು ಎನ್ನದ ಹೆಂಗಸು ಹಾಗೆ ಹೇಳಿದ್ದು ಕೇಳಿ ನನಗೇ ಗಾಬರಿಯಾಯಿತು.

ಅದರ ಮೇಲೆ ಏನು ಹೆಸರಿದೆ ಎಂದು ಕೇಳಿದೆ.

"ಅದು ನನ್ನ ಬಾಯಾಗ ಬರಬಾರದವ್ವ" ಎಂದಳು.

ಯಾರ ಹೆಸರು ಅದು ಎಂದರೆ, "ನನ್ನದ ಹೆಸರು" ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಆಕೆ ಗುಡೇಕೋಟೆಯಿಂದ ಸೊಸೆಯಾಗಿ ಬಂದಾಗ ಆಕೆಗೂ ನಮ್ಮಜ್ಜಿಗೂ ಒಂದೇ ಹೆಸರಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ನಮ್ಮ ಸೀಮೆಯಲ್ಲಿ ಅರ್ಧ ಜನರಿಗೆ ಕೊಟ್ಟೂರಿನ ದೇವರ ಹೆಸರೇ ಇರುವುದು. ಆದರೆ ಅತ್ತೆಯ ಹೆಸರು ಸೊಸೆಗಿದ್ದರೆ ಸೊಸೆಯನ್ನು ಬೈಯುವುದು ಹೇಗೆ? ಹಾಗಾಗಿ ಮನೆ ತುಂಬಿಸಿಕೊಂಡ ದಿನವೇ ಬೇರೆ ಹೆಸರಿಟ್ಟರು. ಹಳೆಯದು ಅತ್ತೆಯ ಹೆಸರಾದ್ದರಿಂದ ಸೊಸೆ ಬಾಯಲ್ಲಿ ಎತ್ತುವ ಹಾಗಿರಲಿಲ್ಲ. ಅತ್ತೆ ಸತ್ತಮೇಲೂ ಎತ್ತುವ ಹಾಗಿರಲಿಲ್ಲ. ಒಂದು ಹೆಂಗಸಿಗೆ ಅವಳ ಹೆಸರನ್ನೇ ಉಚ್ಚರಿಸದ ಹಾಗೆ ಮಾಡಿದ ಈ ಸಂಪ್ರದಾಯವನ್ನು ಕಟ್ಟಿದವರ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಗುರುತು ಹೇಳಲು ದೊಡ್ಡಮ್ಮನಿಗೆ ಇದ್ದ ದಾರಿ ಒಂದೇ. ಹೆಸರಿನ ಮುಂದೆ ತನ್ನ ಊರಿನ ಮೊದಲಕ್ಷರ ಇದೆ ಎಂದಳು. ನನಗೆ ಅಷ್ಟು ಸಾಕಾಗಿತ್ತು. ಕೊಟ್ಟೂರಿನ ಓಣಿಯ ಪಾತ್ರೆಗಳಲ್ಲಿ 'ಗು' ಎಂದು ಶುರುವಾಗುವುದು ಇನ್ನೊಂದು ಇರುವ ಸಂಭವವೇ ಕಡಿಮೆ. ಪೂರಾ ಹೆಸರು ಯಾಕೆ ಬೇಕು, ಕೊಡಗಳ ಕಂಠ ನೋಡುತ್ತ ಹೋದರೆ ಮುಗಿಯಿತು. ಆದರೆ ಕೀಲಿಕೈ ದೊಡ್ಡಪ್ಪನ ಕೊರಳಲ್ಲಿತ್ತು. ಕೇಳಿದೆ. ಅಂಗಳದ್ದು ಮುಗಿಯದೆ ಕೋಣೆಯದನ್ನು ತೆಗೆಯುವುದಿಲ್ಲ, ಎಲ್ಲದಕ್ಕೂ ಒಂದು ಪದ್ಧತಿ ಇರುತ್ತದೆ ಎಂದ.

ಆ ಪದ್ಧತಿ ಏನು ಎಂದು ಬಿಸಿಲೇರುವ ಹೊತ್ತಿಗೆ ಇಡೀ ಓಣಿಗೆ ಗೊತ್ತಾಯಿತು. ದೊಡ್ಡಪ್ಪ ಕುರ್ಚಿ ಹಾಕಿಸಿಕೊಂಡು ಕೂತ. ಪಾತ್ರೆ ಕೊಟ್ಟ ಮನೆಯ ಹೆಂಗಸರು ಸಾಲಾಗಿ ನಿಂತರು. ಮೊದಲು ಬಂದವಳಿಗೆ ಒಂದು ಡಬರಿ ಬೇಕಿತ್ತು. ಹೆಸರು ಹೇಳು ಎಂದ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪಾತ್ರೆಯ ಮೇಲಿದ್ದದ್ದು ಗಂಡನ ಹೆಸರು, ಹೆಂಡತಿ ಗಂಡನ ಹೆಸರು ಹೇಗೆ ಹೇಳಿಯಾಳು? ಇಷ್ಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಇದು ಹೊಳೆದಿರಲೇ ಇಲ್ಲ.

"ಮುಂದ ನಮ್ಮೂರ ದೇವ್ರು, ಹಿಂದ ಎತ್ತು ಐತ್ರಿ" ಎಂದಳು ಆಕೆ.

ಅಂಗಳದಲ್ಲಿದ್ದ ಎಲ್ಲರಿಗೂ ತಿಳಿಯಿತು, ಕೊನೆಯಲ್ಲಿ ಬಸಪ್ಪ ಎಂದು. ದೊಡ್ಡಪ್ಪನಿಗೂ ತಿಳಿಯಿತು, ಆದರೆ ಒಪ್ಪಲಿಲ್ಲ. ಪೂರ್ತಿ ಹೆಸರು ಸ್ಪಷ್ಟವಾಗಿ ಹೇಳಿದರೆ ಮಾತ್ರ ಹುಡುಕುವುದು, ಒಗಟು ಬಿಡಿಸಲು ತಾನು ಕೂತಿಲ್ಲ ಎಂದ. ಆಕೆ ಮನೆಗೆ ಹೋಗಿ ಮೈದುನನನ್ನು ಕರೆತಂದಳು. ಮೈದುನ ಹೆಸರು ಹೇಳಿದ. ಆಗ ದೊಡ್ಡಪ್ಪ ಗುಡ್ಡೆಯ ಈ ತುದಿಯಿಂದ ಒಂದೊಂದೇ ಪಾತ್ರೆ ಎತ್ತಿ, ಕನ್ನಡಕಕ್ಕೆ ತಾಗಿಸಿ, ಅಕ್ಷರ ಕೂಡಿಸಿ ಓದಿ, ಅದಲ್ಲ ಎಂದು ಆ ಕಡೆ ಇಟ್ಟ. ಚರಿಗಿಯನ್ನೂ ಓದಿದ, ಗಂಗಾಳವನ್ನೂ ಓದಿದ. ಬೇಕಾದದ್ದು ಡಬರಿ, ಗಂಗಾಳ ಯಾಕೆ ಓದುತ್ತೀ ಎಂದು ನಾನು ಕೇಳಿದರೆ ಬಿಟ್ಟುಹೋಗಬಾರದಲ್ಲ ಎಂದ. ಗುಡ್ಡೆಯೆಲ್ಲ ಆ ಕಡೆಗೆ ಸಾಗಿದ ಮೇಲೆ ಡಬರಿ ಸಿಕ್ಕಿತು. ಎರಡನೆಯವಳಿಗೆ ಮತ್ತೆ ಅದೇ ಗುಡ್ಡೆಯನ್ನು ಆ ತುದಿಯಿಂದ ಈ ತುದಿಗೆ ಓದತೊಡಗಿದ. ಉಳಿದವರು ಬಿಸಿಲಲ್ಲಿ ನಿಂತೇ ಇದ್ದರು. ಒಬ್ಬಳಿಗಾಗಿ ಆತ ಓದುತ್ತಿರುವ ತನಕ ಇನ್ನೊಬ್ಬಳು ಬಾಯಿ ಬಿಡುವ ಹಾಗೂ ಇರಲಿಲ್ಲ, ಲೆಕ್ಕ ತಪ್ಪುತ್ತದಂತೆ. ಒಲೆ ಹಚ್ಚಲು ಪಾತ್ರೆಯಿಲ್ಲದ ಮನೆಗಳಿದ್ದವು, ಕೂಸನ್ನು ಮಲಗಿಸಿ ಬಂದವರಿದ್ದರು. ಇವನು ಮಾತ್ರ ನಿಧಾನವಾಗಿ ಪುರಾಣ ಓದುವವನ ಹಾಗೆ ಓದುತ್ತಿದ್ದ.

ಹೀಗೆ ಆಗುವುದಿಲ್ಲ ಎಂದು ಕೊನೆಗೆ ಆತನಿಗೂ ಅನ್ನಿಸಿತು. ಆಗ ಕಚೇರಿಯ ಬುದ್ಧಿ ಓಡಿಸಿದ. ಎಲ್ಲ ಪಾತ್ರೆಗಳನ್ನೂ ಮೊದಲಕ್ಷರದ ಪ್ರಕಾರ ಬೇರೆ ಬೇರೆ ಗುಂಪು ಮಾಡಬೇಕೆಂದ. ಅಆಇಈ ಎಂದು ಸೀಮೆಸುಣ್ಣದಲ್ಲಿ ಅಂಗಳದ ತುಂಬ ಅಕ್ಷರ ಬರೆದ. ನಾವೆಲ್ಲ ಸೇರಿ ಪಾತ್ರೆಗಳನ್ನು ಹಂಚಿದೆವು. ಹಂಚಿದ ಮೇಲೆ ನೋಡಿದರೆ, ಗುಡ್ಡೆ ಎಲ್ಲಿತ್ತೋ ಅಲ್ಲಿಂದ ಎದ್ದು 'ಕೊ' ಅಕ್ಷರದ ಮೇಲೆ ಹೋಗಿ ಕೂತಿತ್ತು. ಉಳಿದ ಅಕ್ಷರಗಳು ಬರಿದಾಗಿ ಬಿಸಿಲು ಕಾಯುತ್ತಿದ್ದವು. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ನಾನು ಮರೆಯಿಲ್ಲದೆ ನಕ್ಕೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿ ಇದ್ದವನು, ಇಲ್ಲಿ ಕೂಗಿದರೆ ಓಣಿಯ ಅರ್ಧ ಬಾಗಿಲು ತೆರೆಯುವ ಹೆಸರು ಯಾವುದು ಎಂದು ತಿಳಿಯದೆ ಹೋದನಲ್ಲ!

ಸೈಕಲ್ ಶಾಪಿನ ಸಾಬರ ಮನೆಯ ಪರಾತವೊಂದು ಮಾತ್ರ 'ಹ' ಅಕ್ಷರದ ಮೇಲೆ ಒಂಟಿಯಾಗಿತ್ತು. ಸಾಬರ ಹೆಂಡತಿ ಬಂದಳು, ಎತ್ತಿಕೊಂಡು ಹೋದಳು. ದೊಡ್ಡಪ್ಪ ನನ್ನ ಕಡೆ ತಿರುಗಿ, "ನೋಡಿದ್ಯಾ? ಪದ್ಧತಿ ಅಂದ್ರ ಇದು" ಎಂದ.

ದೊಡ್ಡಪ್ಪ ಸ್ನಾನ ಪೂಜೆಗೆಂದು ಒಳಗೆ ಹೋದ. ಆತನ ಪೂಜೆ ಬೇಗ ಮುಗಿಯುವುದಲ್ಲ. ನಾನು ಸೀರೆ ಎತ್ತಿ ಕಟ್ಟಿದೆ. ಮುಂದೆ ಎಲ್ಲರಿಗೂ ಒಂದೇ ಇದ್ದಮೇಲೆ ಮುಂದಿನದನ್ನು ಓದಿ ಏನು ಉಪಯೋಗ, ಹೆಸರಿನ ತುದಿ ನೋಡೋಣ ಎಂದು ಹೆಂಗಸರಿಗೆ ಹೇಳಿದೆ. ಮೊದಲು ಡಬರಿ ಡಬರಿಯ ಕಡೆ, ಚರಿಗಿ ಚರಿಗಿಯ ಕಡೆ ಇಟ್ಟೆವು. ಆಮೇಲೆ ಒಂದೊಂದರಲ್ಲೂ ತುದಿಯ ಪ್ರಕಾರ ಭಾಗ ಮಾಡಿದೆವು. ಬಸಪ್ಪ ಇದ್ದವು ಎತ್ತಿನ ಮೂಲೆಗೆ. ಲಿಂಗಪ್ಪ ಇದ್ದವು ಕೊರಳಲ್ಲಿ ಕಟ್ಟಿಕೊಳ್ಳುವುದರ ಮೂಲೆಗೆ, ಹಾಗೆ ಹೆಸರಿಟ್ಟದ್ದು ಒಬ್ಬ ಮುದುಕಿ. ಗೌಡರದ್ದು ಕಟ್ಟೆಯ ಮೇಲೆ, ದೊಡ್ಡ ಮನುಷ್ಯರಲ್ಲವೇ. ಬರೀ 'ಪ್ಪ' ಎಂದು ಮುಗಿಯುವವು ನಡುವೆ. ಯಾರೂ ಗಂಡನ ಹೆಸರು ಹೇಳಬೇಕಾಗಿರಲಿಲ್ಲ. ತನ್ನ ಗಂಡ ಎತ್ತೋ ಗೌಡನೋ ಅಷ್ಟು ಗೊತ್ತಿದ್ದರೆ ಆಯಿತು, ನೇರ ಆ ಮೂಲೆಗೆ ಹೋಗಿ, ಅಲ್ಲಿದ್ದ ಕೆಲವನ್ನು ತಿರುಗಿಸಿ ನೋಡಿ, ಡೊಂಕು ಕಂಡು ತನ್ನದೆಂದು ಎತ್ತಿಕೊಳ್ಳುವುದು. ಒಬ್ಬರಿಗಾಗಿ ಇನ್ನೊಬ್ಬರು ಕಾಯಲಿಲ್ಲ. ದೊಡ್ಡಪ್ಪನ ಗಂಟೆಯ ಸದ್ದು ನಿಲ್ಲುವಷ್ಟರಲ್ಲಿ ಅಂಗಳದಲ್ಲಿ ಸೀಮೆಸುಣ್ಣದ ಅಕ್ಷರ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಹೊರಗೆ ಬಂದವನು ಖಾಲಿ ಅಂಗಳ ನೋಡಿ ಸಿಟ್ಟಾದ. ಯಾರು ಯಾರದ್ದನ್ನು ಒಯ್ದರೋ, ಕ್ರಮ ಕೆಡಿಸಿದೆ ಎಂದು ನನ್ನನ್ನು ಬೈದ. ಯಾವ ಮನೆಯಿಂದಲೂ ದೂರು ಬರಲಿಲ್ಲ. ಅದನ್ನು ತೋರಿಸಿದರೆ, ಬೆಳಿಗ್ಗೆ ತಾನು ಅಕ್ಷರ ಬರೆದು ವಿಂಗಡಿಸಿದ್ದರಿಂದಲೇ ಸುಲಭವಾಯಿತು ಎಂದ. ಅಪ್ಪ ಹೌದು ಹೌದು ಎಂದು ತಲೆಯಾಡಿಸಿದ.

ನನ್ನ ಮೇಲಿನ ಸಿಟ್ಟಿಗೆ ಕೊಡಗಳ ಕೋಣೆಗೆ ನನ್ನನ್ನು ಬಿಡಲೇ ಇಲ್ಲ. ಊಟವಾದ ಮೇಲೆ ತಾನೇ ಬೀಗ ತೆಗೆದು, ಒಂದೊಂದೇ ಕೊಡ ಪಡಸಾಲೆಗೆ ತಂದು ಓದಿ, ಮನೆಮನೆಗೆ ಹೇಳಿಕಳಿಸಿದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ದೊಡ್ಡಮ್ಮ ಅಡುಗೆಮನೆಯ ಬಾಗಿಲ ಹಿಂದಿದ್ದಳು. ಅತ್ತೆ, ಅಂದರೆ ದೊಡ್ಡಪ್ಪನ ತಂಗಿ, ಹಡಗಲಿಗೆ ಹೊರಡುವ ಬಸ್ಸಿಗೆ ಹೊತ್ತಾಯಿತು ಎಂದು ಗಂಟು ಕಟ್ಟುತ್ತ ಕೂತಿದ್ದಳು.

ಕೊನೆಗೆ ಉಳಿದ ಕೊಡವನ್ನು ದೊಡ್ಡಪ್ಪ ಕಣ್ಣ ಹತ್ತಿರ ಹಿಡಿದ. ತುಟಿ ಅಲುಗಿತು. ಇನ್ನೊಮ್ಮೆ ಓದಿದ. ಆಮೇಲೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಅವ್ವನ ಕೊಡ" ಎಂದ.

ಅತ್ತೆ ಗಂಟು ಬಿಟ್ಟು ಓಡಿಬಂದಳು. ಕೊಡದ ಮೇಲೆ ಅಜ್ಜಿಯ ಹೆಸರೇ ಇತ್ತು, ಸುಳ್ಳಲ್ಲ. ಅದರ ಮುಂದೆ 'ಗು' ಎಂದು ಒಂದು ಅಕ್ಷರ, ಒಂದು ಚುಕ್ಕೆ ಇತ್ತು. ಇದೇನಣ್ಣ ಎಂದು ಅತ್ತೆಯೇ ಕೇಳಿದಳು. ಕಚೇರಿ ಕಾಗದಗಳಲ್ಲಿ ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿದ ಕಡೆ ಹೆಸರಿನ ಪಕ್ಕ 'ಗು' ಎಂದು ಬರೆಯುತ್ತಾರೆ, ಗು ಅಂದರೆ ಗುರುತು, ಅವ್ವಗೆ ಸಹಿ ಬರುತ್ತಿರಲಿಲ್ಲವಲ್ಲ, ಅದಕ್ಕೇ ಕಲಾಯಿಯವನು ತಿಳಿದು ಹಾಗೆ ಹೊಡೆದಿದ್ದಾನೆ ಎಂದು ದೊಡ್ಡಪ್ಪ ವಿವರಿಸಿದ. ತಾಮ್ರದ ಕೊಡಕ್ಕೆ ಹೆಬ್ಬೆಟ್ಟು ಒತ್ತಿಸಿದ ಮಹಾನುಭಾವ! ಇಷ್ಟು ವರ್ಷ ಅದೇ ಕೊಡ ಅಟ್ಟದ ಮೇಲಿತ್ತು, ಅದಕ್ಕೂ ಮೊದಲು ಆತನ ಸ್ನಾನಕ್ಕೆ ಅದರಲ್ಲೇ ನೀರು ಬಂದಿತ್ತು. ನೀರು ಹೊರುವ ಕೊಡವನ್ನು ಗಂಡಸು ಯಾಕೆ ನೋಡುತ್ತಾನೆ?

ಅವ್ವನದು ಅಂತ ತನ್ನ ಮನೆಯಲ್ಲಿ ಏನೂ ಇಲ್ಲ, ಕೊಡ ತನಗೆ ಬೇಕು ಎಂದಳು ಅತ್ತೆ. ಒಯ್ಯಿ, ನಿನ್ನದೇ ಹಕ್ಕು ಎಂದ ದೊಡ್ಡಪ್ಪ. ಕೊಡುವುದರಲ್ಲಿ ಆತನ ಕೈ ದೊಡ್ಡದು, ಕೊಡುವ ವಸ್ತು ಬೇರೆಯವರದಾಗಿದ್ದರೆ. ಅತ್ತೆ ಕೊಡದ ಬಾಯಿಗೆ ಬಟ್ಟೆ ತುರುಕಿ ಗಂಟಿನ ಜೊತೆ ಇಟ್ಟಳು.

ನನಗೆ ತಡೆಯಲಾಗಲಿಲ್ಲ. ಅದು ಅಜ್ಜಿಯದಲ್ಲ, ದೊಡ್ಡಮ್ಮನದು ಎಂದೆ. ದೊಡ್ಡಪ್ಪ ನನ್ನನ್ನು ಕನಿಕರದಿಂದ ನೋಡಿದ, ಪಾಠ ತಲೆಗೆ ಹತ್ತದ ಹುಡುಗಿಯನ್ನು ಮೇಷ್ಟರು ನೋಡುವ ಹಾಗೆ.

"ಓದಾಕ ಬರತೈತಿಲ್ಲೋ ನಿನಗ? ಆಕಿ ಹೆಸರು ಇದಲ್ಲ" ಎಂದ.

ಅಲ್ಲಿ ನನ್ನ ಮಾತು ನಿಂತಿತು. ಆತ ನಾಟಕ ಮಾಡುತ್ತಿರಲಿಲ್ಲ. ಯಾವ ಹೊಲದ ಹಳೆಯ ಒಡೆಯ ಯಾರು, ಅದಕ್ಕೂ ಹಿಂದಿನವನು ಯಾರು ಎಂದು ಬಾಯಲ್ಲಿ ಹೇಳುವ ಮನುಷ್ಯ, ತನ್ನ ಹೆಂಡತಿಗೆ ತನ್ನ ಮನೆಯವರು ಹೆಸರು ಬದಲಿಸಿದ್ದನ್ನು ನಿಜವಾಗಿಯೂ ಮರೆತಿದ್ದ. ನನಗೆ ಹೇಸಿಗೆಯಾಯಿತು. ಅತ್ತೆಗೆ ಗೊತ್ತಿರಲಿಲ್ಲ, ಆಗ ಆಕೆ ಸಣ್ಣವಳು. ಅಪ್ಪನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. ಆತ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಅತ್ತೆ ಎದ್ದಳು. ಗಂಟು ತಲೆಯ ಮೇಲಿಟ್ಟುಕೊಂಡು ಕೊಡಕ್ಕೆ ಕೈ ಹಾಕಿದಳು. ಆಗ ದೊಡ್ಡಮ್ಮ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಗಂಡಸರು ಕೂತಲ್ಲಿಗೆ ಆಕೆ ಹಾಗೆ ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ. ಬಂದವಳೇ ಕೊಡದ ಕಂಠದ ಮೇಲೆ ಕೈಯಿಟ್ಟು ಆ ಹೆಸರನ್ನು ಹೇಳಿದಳು. ಅಕ್ಷರ ಬಿಡಿಸಿ, ಪೂರ್ತಿಯಾಗಿ, ಆತ ಬೆಳಿಗ್ಗೆಯಿಂದ ಎಲ್ಲರಿಂದ ಕೇಳುತ್ತಿದ್ದ ಹಾಗೆಯೇ ಹೇಳಿದಳು. ತನ್ನ ಅವ್ವನ ಹೆಸರನ್ನು ಸೊಸೆ ಎತ್ತಿದ್ದಕ್ಕೆ ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

"ನಿಮ್ಮವ್ವಂದೂ ಅದ ಹೆಸರು, ನಂದೂ ಅದ ಹೆಸರು. ಗು ಅಂದ್ರ ಗುಡೇಕೋಟಿ. ನಮ್ಮಪ್ಪ ಹೊಡಿಸ್ಯಾನ" ಎಂದಳು.

ಅತ್ತೆ ಕೈ ತೆಗೆದಳು. ಕೊಡದೊಳಗಿನ ಬಟ್ಟೆಯನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದಳು. ಆಕೆಯ ಬಗ್ಗೆ ನನಗೆ ಅಷ್ಟರ ಮಟ್ಟಿಗೆ ಗೌರವವಿದೆ. ದೊಡ್ಡಪ್ಪ ಕನ್ನಡಕ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಹೊಳೆದದ್ದು ಆತನಿಗೆ ಇಷ್ಟು:

"ಮೊದಲ ಹೇಳಬೇಕಿತ್ತು. ಅಂಗಳದ ಸಾಲಿನಾಗ ನಿಂತು ಹೇಳಿದ್ದರ ಬೆಳಿಗ್ಗೇನ ತೆಗೆದು ಕೊಡತಿದ್ದೆ."

ದೊಡ್ಡಮ್ಮ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋದೆ. ಬಚ್ಚಲ ಕಲ್ಲಿನ ಮೇಲೆ ಇಬ್ಬರೂ ಕೂತು ಹುಣಸೆಹಣ್ಣು ಉಪ್ಪು ಹಾಕಿ ಕೊಡ ತಿಕ್ಕತೊಡಗಿದೆವು. ಮದುವೆ ಮನೆಯ ಮಸಿ, ಯಾರ್ಯಾರದೋ ಕೈಯ ಜಿಡ್ಡು ಎಲ್ಲ ಬಿಟ್ಟು ತಾಮ್ರ ಕೆಂಪಗೆ ಬಂತು. ಅಕ್ಷರಗಳ ಚುಕ್ಕೆಯೊಳಗಿನ ಕಿಲುಬನ್ನು ಆಕೆ ಉಗುರಿನಿಂದ ತೆಗೆಯುತ್ತಿದ್ದಳು.

ಒಳಗಿನಿಂದ ದೊಡ್ಡಪ್ಪ ಚಹಾ ಕೇಳಿದ. ದೊಡ್ಡಮ್ಮನಿಗೆ ಆ ಮನೆಯವರು ಇಟ್ಟ ಹೆಸರನ್ನು ಹಿಡಿದು ಕೂಗಿದ. ಆಕೆ ತಲೆಯೆತ್ತಲಿಲ್ಲ. ಕೇಳಲಿಲ್ಲವೆಂದುಕೊಂಡು ದನಿ ಏರಿಸಿ ಮತ್ತೆ ಅದೇ ಹೆಸರು ಕೂಗಿದ, ಓಣಿಗೆಲ್ಲ ಕೇಳುವ ಹಾಗೆ. ನಾನು ಏಳಲು ಹೊರಟೆ. ದೊಡ್ಡಮ್ಮ ಹುಣಸೆಹಣ್ಣಿನ ಕೈಯಲ್ಲೇ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ಯಾರನ್ನೋ ಕರ್ಯಾಕ ಹತ್ಯಾರ" ಎಂದಳು. "ನಮ್ಮನ್ನಲ್ಲ ಬಿಡು."